ಮೂರನೆಯ ದಾರ

ಈ ವರ್ಷ ಭೌತಶಾಸ್ತ್ರದ ಪ್ರಯೋಗಶಾಲೆಯನ್ನು ಮೊದಲ ಬಾರಿ ಹೊಗುತ್ತಿರುವ ಪದವಿಪೂರ್ವ ಹಾಗೂ ಪದವಿ ತರಗತಿಗಳ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗೆ—



ಮೂವತ್ತು ವರ್ಷಗಳಿಗೂ ಮಿಗಿಲಾದ ಕಾಲ ನಿಮ್ಮಂತಹ ಕಿರಿಯರ ನಡುವೆ, ಪ್ರಯೋಗಶಾಲೆಯ ಉದ್ದನೆಯ ಮೇಜುಗಳ ಸಾಲಿನಲ್ಲಿ ಅತ್ತಿಂದಿತ್ತ ನಡೆದಾಡುತ್ತ, ಒಬ್ಬರ ದಾರದ ಗಂಟನ್ನು ಬಿಡಿಸುತ್ತ, ಇನ್ನೊಬ್ಬರ ರೆಕಾರ್ಡಿಗೆ ಸಹಿ ಹಾಕುತ್ತ ಬಾಳಿ, ಈಗ ವೃತ್ತಿಯಿಂದ ಬಿಡುಗಡೆ ಹೊಂದಿ ಮನೆಯಲ್ಲಿ ಕುಳಿತಿರುವ ನನಗೆ, ಆ ವರ್ಷಗಳಲ್ಲಿ ಹೇಳಬೇಕಾಗಿದ್ದೂ ಗಂಟೆ ಬಾರಿಸಿತೆಂಬ ಕಾರಣದಿಂದ ಹೇಳದೆ ಬಿಟ್ಟ ಮಾತೊಂದು ತೀರದ ಋಣದಂತೆ ಮನಸ್ಸಿನಲ್ಲಿ ಉಳಿದುಕೊಂಡಿದೆ. ಆ ಮಾತು ದೊಡ್ಡ ಸಿದ್ಧಾಂತವೊಂದನ್ನು ಕುರಿತದ್ದಲ್ಲ. ನಿಮ್ಮ ಪ್ರಾಕ್ಟಿಕಲ್ಸ್ ಪಟ್ಟಿಯ ಮೊದಲ ನಾಲ್ಕೈದರೊಳಗೆ ಎಲ್ಲಿಯೋ ಬರುವ, ಸುಲಭವೆಂದು ಹೆಸರಾದ, ಒಂದು ಗಂಟೆಯೊಳಗೆ ಮುಗಿಸಿ ಕೈತೊಳೆದುಕೊಳ್ಳಬಹುದೆಂದು ಹಿರಿಯ ವಿದ್ಯಾರ್ಥಿಗಳು ನಿಮಗೆ ಆಗಲೇ ಹೇಳಿರಬಹುದಾದ ಒಂದು ಪ್ರಯೋಗವನ್ನು ಕುರಿತದ್ದು: ಸದಿಶಗಳ ಸಂಕಲನದಿಂದ ಸಮತೋಲಕ ಬಲವನ್ನು ಕಂಡುಹಿಡಿಯುವ ಪ್ರಯೋಗ. ಅದು ಸುಲಭವೆಂಬುದೇ ನನ್ನ ಆತಂಕಕ್ಕೆ ಕಾರಣ; ಏಕೆಂದರೆ ಕಠಿಣವಾದ ಪ್ರಯೋಗದಲ್ಲಿ ಉಪಕರಣವು ನಮ್ಮನ್ನು ತಡೆದು ನಿಲ್ಲಿಸುತ್ತದೆ, ಸುಲಭವಾದುದರಲ್ಲಿ ನಾವು ಉಪಕರಣವನ್ನು ದಾಟಿಕೊಂಡು ನೇರವಾಗಿ ಉತ್ತರದ ಬಳಿಗೆ ಹೋಗಿಬಿಡುತ್ತೇವೆ.

ಉಪಕರಣವನ್ನು ಒಮ್ಮೆ ನಿಧಾನವಾಗಿ ನೋಡೋಣ. ಮೂರು ಕಾಲುಗಳ ಮೇಲೆ ನಿಂತ ದುಂಡನೆಯ ಲೋಹದ ತಟ್ಟೆ. ಅದರ ಅಂಚಿನ ಸುತ್ತ ಸೊನ್ನೆಯಿಂದ 360 ಡಿಗ್ರಿಯವರೆಗೆ ಕೊರೆದ ಗೆರೆಗಳು. ಅಂಚಿಗೆ ತಿರುಪಿನಿಂದ ಬಿಗಿದ, ಬೇಕಾದೆಡೆಗೆ ಸರಿಸಬಹುದಾದ ಮೂರು ನಾಲ್ಕು ರಾಟೆಗಳು. ನಡುವೆ ನೆಟ್ಟಗೆ ನಿಂತ ಒಂದು ಮೊಳೆ. ಆ ಮೊಳೆಯ ಸುತ್ತ ಸಡಿಲವಾಗಿ ಬಿದ್ದಿರುವ, ಬೆರಳಿಗೆ ತೊಡಿಸಬಹುದಾದಷ್ಟು ಚಿಕ್ಕದಾದ ಒಂದು ಉಂಗುರ. ಉಂಗುರಕ್ಕೆ ಕಟ್ಟಿದ ದಾರಗಳು ರಾಟೆಗಳ ಮೇಲೆ ಹಾಯ್ದು ಕೆಳಗಿಳಿಯುತ್ತವೆ, ಅವುಗಳ ತುದಿಯಲ್ಲಿ ಕೊಕ್ಕೆಗಳು ತೂಗುತ್ತವೆ, ಕೊಕ್ಕೆಗಳ ಮೇಲೆ ನೀವು ಸೀಳುಳ್ಳ ಹಿತ್ತಾಳೆಯ ಬಿಲ್ಲೆಗಳನ್ನು ಒಂದರ ಮೇಲೊಂದು ಕೂರಿಸುತ್ತೀರಿ. ಎರಡು ದಾರಗಳ ತೂಕವನ್ನೂ ದಿಕ್ಕನ್ನೂ ನಿಮಗೆ ಕೊಟ್ಟಿರುತ್ತಾರೆ. ಮೂರನೆಯ ದಾರವನ್ನು ಯಾವ ದಿಕ್ಕಿಗೆ ಎಷ್ಟು ತೂಕದಿಂದ ಎಳೆದರೆ ಉಂಗುರವು ಮೊಳೆಯನ್ನು ಎಲ್ಲಿಯೂ ಮುಟ್ಟದೆ, ಸುತ್ತಲೂ ಸಮನಾದ ಎಡೆ ಬಿಟ್ಟು ತಾನೇ ತಾನಾಗಿ ನಿಲ್ಲುವುದೋ ಅದನ್ನು ನೀವು ಕಂಡುಕೊಳ್ಳಬೇಕು. ಇಷ್ಟೇ ಪ್ರಯೋಗ.

ಇಷ್ಟರಲ್ಲಿಯೇ ನಾವು ಬಾಲ್ಯದಿಂದ ನಂಬಿಕೊಂಡು ಬಂದ ಲೆಕ್ಕವೊಂದು ಮುರಿದುಬೀಳುತ್ತದೆ. ಇನ್ನೂರಕ್ಕೆ ಇನ್ನೂರನ್ನು ಕೂಡಿದರೆ ನಾನೂರೆಂಬುದು ಅಂಗಡಿಯ ಲೆಕ್ಕ. ಅಕ್ಕಿಗೂ ಕಾಸಿಗೂ ಅದು ಸಲ್ಲುತ್ತದೆ. ಆದರೆ ತಟ್ಟೆಯ ಮೇಲೆ 200 ಗ್ರಾಮಿನ ಎಳೆತಗಳೆರಡನ್ನು ಒಂದಕ್ಕೊಂದು 60 ಡಿಗ್ರಿಯ ಕೋನದಲ್ಲಿ ಇರಿಸಿದರೆ ಅವುಗಳನ್ನು ಸರಿತೂಗಿಸಲು ಬೇಕಾಗುವುದು ಸುಮಾರು 346 ಗ್ರಾಂ. ಕೋನವನ್ನು 90ಕ್ಕೆ ಅಗಲಿಸಿದರೆ ಸುಮಾರು 283. 120ಕ್ಕೆ ತಂದರೆ ಸರಿಯಾಗಿ 200, ಅಂದರೆ ಎರಡು ಸೇರಿ ಒಂದರಷ್ಟೇ. 150ಕ್ಕೆ ತಂದರೆ ನೂರಕ್ಕಿಂತ ತುಸು ಹೆಚ್ಚು. ಎರಡನ್ನೂ ಎದುರುಬದುರಾಗಿ ನಿಲ್ಲಿಸಿದಿರೋ, ಮೂರನೆಯ ದಾರಕ್ಕೆ ಕೆಲಸವೇ ಇಲ್ಲ. ಬಿಲ್ಲೆಗಳಾವುವೂ ಬದಲಾಗಲಿಲ್ಲ, ಭೂಮಿಯು ಅವುಗಳನ್ನು ಎಳೆಯುವುದೂ ಬದಲಾಗಲಿಲ್ಲ. ಬದಲಾದುದು ದಿಕ್ಕು ಮಾತ್ರ. ದಿಕ್ಕನ್ನು ತನ್ನೊಡನೆ ಹೊತ್ತಿರುವ ಪರಿಮಾಣಕ್ಕೆ ಕನ್ನಡದಲ್ಲಿ ಸದಿಶವೆಂಬ ಹೆಸರು ನಿಂತಿದೆ, ದಿಕ್ಕಿಲ್ಲದ್ದಕ್ಕೆ ಅದಿಶವೆಂದು. ಲ್ಯಾಟಿನ್ನಿನಿಂದ ಬಂದ ವೆಕ್ಟರ್ ಎಂಬ ಪದಕ್ಕೆ ಹೊರುವವನು, ಒಯ್ಯುವವನು ಎಂದು ಅರ್ಥವಿರುವಾಗ, ನಮ್ಮ ಪದವು ವಿಷಯದ ಮರ್ಮವನ್ನು ಅದಕ್ಕಿಂತ ನೇರವಾಗಿ ಹಿಡಿದಿದೆಯೆಂದು ನನಗೆ ಯಾವಾಗಲೂ ಅನ್ನಿಸಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರಂತಹ ಹಿರಿಯರು, 1918ರ ಸುಮಾರಿಗೆ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿ ಈ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಲು ಹೊರಟಾಗ ಪಟ್ಟ ಶ್ರಮದ ಫಲವನ್ನು ನಾವು ಇಂತಹ ಪದಗಳಲ್ಲಿ ಇಂದಿಗೂ ಉಣ್ಣುತ್ತಿದ್ದೇವೆ.

ನೀವು ರಥೋತ್ಸವವನ್ನು ನೋಡಿರುತ್ತೀರಿ. ತೇರಿನ ಮುಂದೆ ಎರಡು ಹಗ್ಗಗಳನ್ನು ಚಾಚಿ, ಒಂದೊಂದನ್ನೂ ನೂರಾರು ಜನ ಹಿಡಿದು ಎಳೆಯುವಾಗ, ಎಡಗಡೆಯ ಹಗ್ಗ ತುಸು ಎಡಕ್ಕೂ ಬಲಗಡೆಯದು ತುಸು ಬಲಕ್ಕೂ ವಾಲಿರುತ್ತದೆ; ತೇರು ಎಡಕ್ಕೂ ಹೋಗುವುದಿಲ್ಲ, ಬಲಕ್ಕೂ ಹೋಗುವುದಿಲ್ಲ, ಯಾರೂ ಎಳೆಯದ ನಡುಬೀದಿಯ ದಿಕ್ಕಿನಲ್ಲಿ ಸಾಗುತ್ತದೆ. ಜನರು ಸಂಭ್ರಮದಲ್ಲಿ ಒಬ್ಬರಿಂದೊಬ್ಬರು ದೂರ ಸರಿದು ಹಗ್ಗಗಳು ಹೆಚ್ಚು ಅಗಲಿದಾಗ, ಎಳೆಯುವ ಕೈಗಳು ಅಷ್ಟೇ ಇದ್ದರೂ ತೇರು ಭಾರವಾಯಿತೆಂದು ಹಿರಿಯರು ಕೂಗಿ ಎಲ್ಲರನ್ನೂ ಒಳಕ್ಕೆ ಕರೆಯುವುದನ್ನೂ ನೀವು ಕೇಳಿರಬಹುದು. ಮನೆಯ ಹಿತ್ತಿಲಲ್ಲಿಯೂ ಇದೇ ಪಾಠವಿದೆ. ಎರಡು ಕಂಬಗಳ ನಡುವೆ ಬಟ್ಟೆ ಒಣಹಾಕಲು ಕಟ್ಟಿದ ಹಗ್ಗದ ನಡುವೆ ಎರಡು ಕಿಲೋಗ್ರಾಮಿನಷ್ಟು ಭಾರದ ಒದ್ದೆ ಸೀರೆಯನ್ನು ಹಾಕಿದಾಗ, ಹಗ್ಗವು ಎರಡೂ ಕಡೆ 5 ಡಿಗ್ರಿಯಷ್ಟು ಜೋತುಬಿದ್ದಿದ್ದರೆ ಅದರ ಬಿಗಿತ ಹೆಚ್ಚುಕಡಿಮೆ ಹನ್ನೊಂದೂವರೆ ಕಿಲೋಗ್ರಾಂ ತೂಕದಷ್ಟು. ಜೋತುಬೀಳಬಾರದೆಂದು ಅದನ್ನು 1 ಡಿಗ್ರಿಗೆ ಎಳೆದು ಕಟ್ಟಿದರೆ ಅದೇ ಸೀರೆಗೆ ಐವತ್ತೇಳು ಕಿಲೋಗ್ರಾಮಿನಷ್ಟು. ಪೂರ್ತಿ ನೇರವಾಗಿ ನಿಲ್ಲಿಸಬೇಕೆಂದರೆ ಜಗತ್ತಿನ ಯಾವ ಹಗ್ಗವೂ ಸಾಲದು. ಕಂಬದ ಗೂಟ ಏಕೆ ಕಿತ್ತುಬಂದಿತೆಂದು ಅಮ್ಮ ಕೇಳಿದಾಗ ನೀವು ಹೇಳಬಹುದಾದ ಉತ್ತರವು ಆ ದುಂಡು ತಟ್ಟೆಯ ಮೇಲೆ ಇದೆ.

ಇನ್ನು, ನಾನು ವಿಶೇಷವಾಗಿ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. ಪುಸ್ತಕದಲ್ಲಿ ನೀವು ಎರಡು ಬಲಗಳನ್ನು ಎರಡು ಬಾಣಗಳಾಗಿ ಬರೆದು, ಸಮಾಂತರ ಚತುರ್ಭುಜವನ್ನು ಪೂರ್ತಿಗೊಳಿಸಿ, ಅದರ ಕರ್ಣವನ್ನು ಎಳೆದು, ಇದೇ ಫಲಿತ ಬಲವೆನ್ನುತ್ತೀರಿ. ಅಲ್ಲಿ ಅದು ಉಳಿದೆರಡು ಬಾಣಗಳಷ್ಟೇ ಸ್ಪಷ್ಟವಾಗಿ, ಅವುಗಳಿಗಿಂತ ದಪ್ಪವಾಗಿಯೇ, ಮಸಿಯಲ್ಲಿ ಮೂಡಿರುತ್ತದೆ. ಆದರೆ ಪ್ರಯೋಗಶಾಲೆಯ ತಟ್ಟೆಯ ಮೇಲೆ ಬಾಗಿ ನೋಡಿ: ಕರ್ಣದ ದಿಕ್ಕಿನಲ್ಲಿ ಯಾವ ದಾರವೂ ಇಲ್ಲ, ಯಾವ ರಾಟೆಯೂ ಇಲ್ಲ, ಅಲ್ಲಿ ಬರಿಯ ಲೋಹವಿದೆ. ಫಲಿತ ಬಲವನ್ನು ಯಾರೂ ಕಂಡಿಲ್ಲ, ಕಾಣುವುದೂ ಇಲ್ಲ. ಅದಕ್ಕೆ ಸರಿಯಾಗಿ ಎದುರುನಿಂತು, ಅದನ್ನು ಎಳ್ಳಷ್ಟೂ ಹೆಚ್ಚುಕಡಿಮೆಯಿಲ್ಲದಂತೆ ತಡೆದು ಹಿಡಿದಿರುವ ಮೂರನೆಯ ದಾರವೊಂದೇ ನಮ್ಮ ಕಣ್ಣಿಗೆ ಬೀಳತಕ್ಕದ್ದು. ಆ ದಾರವನ್ನು ಕಂಡು, ಅದರ ಬೆನ್ನ ಹಿಂದಿನ ದಿಕ್ಕಿನಲ್ಲಿ, ಅದರಷ್ಟೇ ಪ್ರಮಾಣದ ಎಳೆತವೊಂದು ಇರಲೇಬೇಕೆಂದು ನಾವು ಊಹಿಸುತ್ತೇವೆ. ಆದಕಾರಣ ಈ ಪ್ರಯೋಗದಲ್ಲಿ ಮೂರನೆಯ ದಾರವು ಸಾಕ್ಷಿಯ ಸ್ಥಾನದಲ್ಲಿದೆ. ಸಾಕ್ಷಿ ನುಡಿಯುವುದಕ್ಕೆ ಮೊದಲೇ ಅದರ ಬಾಯಿಗೆ ನಾವು ಮಾತನ್ನು ತುರುಕಿದರೆ ಆ ವಿಚಾರಣೆಗೆ ಅರ್ಥವೇನು ಉಳಿಯಿತು?

ಈ ನಿಯಮವನ್ನು ಮನುಷ್ಯನು ಕಂಡುಕೊಂಡ ಬಗೆಯೂ ನೀವು ತಿಳಿದಿರತಕ್ಕದ್ದೇ. 1586ರಲ್ಲಿ ಸೈಮನ್ ಸ್ಟೆವಿನ್ ಎಂಬ ಫ್ಲೆಮಿಷ್ ಗಣಿತಜ್ಞನು ತೂಕಗಳ ಶಾಸ್ತ್ರವನ್ನು ಕುರಿತು ತನ್ನ ದೇಶದ ಜನ ಆಡುವ ಡಚ್ ನುಡಿಯಲ್ಲಿಯೇ ಒಂದು ಗ್ರಂಥವನ್ನು ಪ್ರಕಟಿಸಿದನು. ಒಂದು ಪಕ್ಕ ಇನ್ನೊಂದರ ಎರಡರಷ್ಟು ಉದ್ದವಿರುವ ಇಳಿಜಾರಿನ ತ್ರಿಕೋನದ ಮೇಲೆ, ಸಮತೂಕದ ಹದಿನಾಲ್ಕು ಗುಂಡುಗಳ ಹಾರವೊಂದನ್ನು ಹೊದಿಸಿದಂತೆ ಅವನು ಕಲ್ಪಿಸಿಕೊಂಡನು: ಉದ್ದನೆಯ ಪಕ್ಕದಲ್ಲಿ ನಾಲ್ಕು, ಗಿಡ್ಡ ಪಕ್ಕದಲ್ಲಿ ಎರಡು, ಉಳಿದ ಎಂಟು ಕೆಳಗೆ ತೂಗುತ್ತಿರುವುವು. ಮೇಲಿನ ನಾಲ್ಕಕ್ಕೂ ಎರಡಕ್ಕೂ ಸರಿಸಮಾನತೆ ಇಲ್ಲವಾಗಿದ್ದಲ್ಲಿ ಹಾರವು ಜಾರತೊಡಗಬೇಕು. ಜಾರಿದರೂ ಅದರ ಆಕಾರ ಮೊದಲಿದ್ದಂತೆಯೇ ಇರುವುದರಿಂದ ಅದು ಕೊನೆಯಿಲ್ಲದೆ ಸುತ್ತುತ್ತಲೇ ಇರಬೇಕು. ಹಾಗೆ ಆಗುವುದು ಅಸಂಭವ. ಆದ್ದರಿಂದ ನಾಲ್ಕು ಗುಂಡುಗಳನ್ನು ಎರಡು ಗುಂಡುಗಳು ಸರಿತೂಗಿಸುತ್ತವೆ. ಇಳಿಜಾರಿನ ನಿಯಮವೂ, ಅದರಿಂದ ಓರೆಯಾಗಿ ಎಳೆಯುವ ಹಗ್ಗಗಳ ನಿಯಮವೂ ಅವನಿಗೆ ಹೀಗೆ ದೊರೆತವು. ಅಲ್ಲಿಂದ ನೂರ ಒಂದು ವರ್ಷ ಕಳೆದ ಮೇಲೆ, 1687ರಲ್ಲಿ, ನ್ಯೂಟನ್ನನು ತನ್ನ 'ಪ್ರಿನ್ಸಿಪಿಯಾ'ದಲ್ಲಿ ಚಲನೆಯ ಮೂರು ನಿಯಮಗಳ ಬೆನ್ನಿಗೇ ಸಮಾಂತರ ಚತುರ್ಭುಜದ ವಿಚಾರವನ್ನು ಮೊದಲನೆಯ ಅನುಸಿದ್ಧಾಂತವನ್ನಾಗಿ ಇಟ್ಟನು. ಅದೇ ವರ್ಷ ಫ್ರಾನ್ಸಿನಲ್ಲಿ ವರಿಗ್ನಾನನೂ, ನಿಮ್ಮ ಪಠ್ಯದಲ್ಲಿ ಲಾಮಿಯ ಪ್ರಮೇಯವೆಂದು ಹೆಸರುಳ್ಳ ಸೂತ್ರದ ಬರ್ನಾರ್ ಲಾಮಿಯೂ ತಮ್ಮ ತಮ್ಮ ರೀತಿಯಲ್ಲಿ ಅದನ್ನೇ ಮುಂದಿಟ್ಟರು. ಈ ಬಲಗಳನ್ನು ಇಂದು ನಾವು ಬರೆಯುವ ಸದಿಶ ಬೀಜಗಣಿತದ ಉಡುಗೆಯಲ್ಲಿ ಕಾಣಲು ಮಾತ್ರ 1881ರಲ್ಲಿ ಅಮೆರಿಕೆಯ ಗಿಬ್ಸನು ತನ್ನ ವಿದ್ಯಾರ್ಥಿಗಳಿಗಾಗಿ ಅಚ್ಚು ಹಾಕಿಸಿದ ಕಿರುಹೊತ್ತಗೆಯವರೆಗೆ ಕಾಯಬೇಕಾಯಿತು.

ಪದವಿಪೂರ್ವ ತರಗತಿಯಲ್ಲಿರುವ ನಿಮ್ಮಲ್ಲಿ ಹಲವರಿಗೆ ದುಂಡು ತಟ್ಟೆಯ ಬದಲು ನೆಟ್ಟಗೆ ನಿಲ್ಲಿಸಿದ ಮರದ ಹಲಗೆಯೂ ಅದರ ಮೇಲ್ತುದಿಯಲ್ಲಿ ಎರಡು ರಾಟೆಗಳೂ ದೊರೆಯುತ್ತವೆ. ಅದಕ್ಕೆ ಗ್ರಾವೆಸಾಂಡನ ಉಪಕರಣವೆಂದು ಹೆಸರು. 1717ರಿಂದ ಲೈಡನ್ ನಗರದಲ್ಲಿ ಅಧ್ಯಾಪಕನಾಗಿದ್ದ ಈತನು ನ್ಯೂಟನ್ನನ ತತ್ತ್ವಗಳನ್ನು ಬರಿಯ ಮಾತಿನಲ್ಲಿ ಹೇಳಿ ಬಿಡದೆ, ಉಪಕರಣಗಳನ್ನು ಮಾಡಿಸಿ ಶಿಷ್ಯರ ಕಣ್ಣ ಮುಂದೆ ನಡೆಸಿ ತೋರಿಸಿದವನು. ಹಲಗೆಗೆ ಕಾಗದವನ್ನು ಅಂಟಿಸಿ, ಮೂರು ದಾರಗಳು ಕೂಡುವ ಗಂಟು ನಿಂತ ಮೇಲೆ, ದಾರದ ಕೆಳಗೆ ಕನ್ನಡಿಯ ಪಟ್ಟಿಯೊಂದನ್ನು ಹಿಡಿದು, ದಾರವು ತನ್ನ ಬಿಂಬವನ್ನು ಪೂರ್ತಿಯಾಗಿ ಮರೆಮಾಡುವಂತೆ ಕಣ್ಣನ್ನಿರಿಸಿ, ಚೂಪಾದ ಪೆನ್ಸಿಲಿನಿಂದ ಅಂಚಿನಲ್ಲಿ ಚುಕ್ಕೆಯಿಡುವ ಆ ಕ್ಷಣವನ್ನು ಅವಸರಪಡಿಸಬೇಡಿ. ಕಣ್ಣು ಕೂದಲೆಳೆಯಷ್ಟು ಓರೆಯಾದರೂ ಬಿಂಬವು ದಾರದ ಪಕ್ಕದಲ್ಲಿ ಇಣುಕುತ್ತದೆ. ಎರಡು ಚುಕ್ಕೆಗಳನ್ನು ಒಂದಕ್ಕೊಂದು ಹತ್ತಿರ ಇಟ್ಟರೆ ಗೆರೆಯು ಹೊರಳಿಬಿಡುತ್ತದೆ, ದೂರ ದೂರ ಇಡಿ. 50 ಗ್ರಾಮಿಗೆ 1 ಸೆಂಟಿಮೀಟರಿನಂತೆ ಅಳೆದು ಚತುರ್ಭುಜವನ್ನು ಪೂರ್ತಿಮಾಡಿದಾಗ, ಅದರ ಕರ್ಣವು ನಡುವಿನ ದಾರದ ನೇರಕ್ಕೇ ನಿಂತರೆ ನಿಮಗೆ ಆಗುವ ಸಂತೋಷವನ್ನು ನಾನು ಬಲ್ಲೆ. ನಿಲ್ಲದಿದ್ದರೆ ತೂಕಗಳಾವುವಾದರೂ ಹಲಗೆಗೆ ಒರಗಿವೆಯೇ ಎಂಬುದನ್ನು ಮೊದಲು ನೋಡಿ.

ಈ ನಿಯಮಕ್ಕೆ ಪ್ರಯೋಗದ ಅಗತ್ಯವೇ ಇಲ್ಲವೆಂದು ಬಗೆದವರೂ ಇದ್ದಾರೆ. 1726ರಲ್ಲಿ ಡೇನಿಯಲ್ ಬರ್ನೂಲಿ ಎಂಬ ಮಹಾಗಣಿತಜ್ಞನು, ಸಮಾಂತರ ಚತುರ್ಭುಜದ ನಿಯಮವು ಅನುಭವದ ಹಂಗಿಲ್ಲದೆ ಶುದ್ಧ ತರ್ಕದಿಂದಲೇ ಸಿದ್ಧಿಸುವುದೆಂದು ತೋರಿಸಲು ಯತ್ನಿಸಿದನು. ಅವನ ನಂತರವೂ ಆ ಹಾದಿಯಲ್ಲಿ ನಡೆದವರು ಇದ್ದಾರೆ. ಅವರ ಬುದ್ಧಿಬಲಕ್ಕೆ ತಲೆಬಾಗುತ್ತಲೇ ನಾನು ದಾರ ಮತ್ತು ರಾಟೆಗಳ ಪಕ್ಷದಲ್ಲಿ ನಿಲ್ಲುತ್ತೇನೆ. ಎರಡು ಎಳೆತಗಳು ಹೀಗೆಯೇ ಕೂಡಬೇಕೆಂದು ನಾವು ಪ್ರಕೃತಿಗೆ ವಿಧಿಸಿಲ್ಲ. ಅವು ಹಾಗೆ ಕೂಡುತ್ತವೆಯೆಂಬುದು ಅದು ನಮಗೆ ಕೊಟ್ಟ ಉತ್ತರ. ಆ ಉತ್ತರವನ್ನು ನಿಮ್ಮ ಕೈಯಿಂದಲೇ ಮತ್ತೊಮ್ಮೆ ಪಡೆಯಲೆಂದು ನಿಮ್ಮನ್ನು ಆ ಮೇಜಿನ ಮುಂದೆ ನಿಲ್ಲಿಸಿದ್ದಾರೆ.

ಆದ್ದರಿಂದ ನನ್ನ ಮೊದಲನೆಯ ಬೇಡಿಕೆ ಇದು. ಲೆಕ್ಕವನ್ನು ಮೊದಲು ಮಾಡಬೇಡಿ. ಕೊಟ್ಟ ಎರಡು ತೂಕಗಳನ್ನು ತೂಗಬಿಟ್ಟ ಮೇಲೆ ಮೂರನೆಯ ದಾರವನ್ನು ಯಾವ ರಾಟೆಗೂ ಹಾಕದೆ ಬೆರಳುಗಳಿಂದ ಹಿಡಿದು, ಉಂಗುರವು ಮೊಳೆಯಿಂದ ಬಿಡಿಸಿಕೊಳ್ಳುವ ದಿಕ್ಕನ್ನು ಕೈಯಿಂದಲೇ ಹುಡುಕಿ. ತುಸು ಎಡಕ್ಕೆ ಸರಿದರೆ ಉಂಗುರವು ಮೊಳೆಯ ಒಂದು ಮಗ್ಗುಲಿಗೆ ಒತ್ತುತ್ತದೆ, ಬಲಕ್ಕೆ ಸರಿದರೆ ಇನ್ನೊಂದು ಮಗ್ಗುಲಿಗೆ; ಸರಿಯಾದ ದಿಕ್ಕು ದೊರೆತ ಕೂಡಲೇ ಬೆರಳಿಗೆ ಒಂದು ನಿರಾಳತೆ ತಿಳಿಯುತ್ತದೆ. ಎಷ್ಟು ಗಟ್ಟಿಯಾಗಿ ಹಿಡಿದಿದ್ದೀರೆಂಬುದೂ ಆಗಲೇ ಗೊತ್ತಾಗುತ್ತದೆ. ಆಮೇಲೆ ರಾಟೆಯನ್ನು ಆ ದಿಕ್ಕಿಗೆ ತಂದು, ಕೊಕ್ಕೆಗೆ ಬಿಲ್ಲೆಗಳನ್ನೇರಿಸಿ, ತಟ್ಟೆಯನ್ನು ಬೆರಳಿನಿಂದ ಮೆಲ್ಲನೆ ತಟ್ಟಿ, ಉಂಗುರವನ್ನು ತುಸು ಪಕ್ಕಕ್ಕೆ ಎಳೆದುಬಿಟ್ಟು, ಅದು ನಡುವಿಗೆ ಮರಳುವುದೇ ನೋಡಿ. ದಾರಗಳನ್ನು ಉಂಗುರಕ್ಕೆ ಬಿಗಿಯಾಗಿ ಗಂಟು ಹಾಕದೆ ಕುಣಿಕೆಯಾಗಿ ಬಿಟ್ಟರೆ ಅವು ಜಾರಿ ತಾವೇ ನಡುವಿನ ನೇರಕ್ಕೆ ಬರುತ್ತವೆ. ತಟ್ಟೆ ಓರೆಯಾಗಿರದಂತೆ ರಸಮಟ್ಟವಿಟ್ಟು ಕಾಲಿನ ತಿರುಪುಗಳನ್ನು ಸರಿಪಡಿಸುವುದು, ರಾಟೆಗಳನ್ನೆಲ್ಲ ಒಂದೇ ಎತ್ತರಕ್ಕೆ ತರುವುದು, ಇವೆಲ್ಲ ನಿಮ್ಮ ಅಧ್ಯಾಪಕರು ಹೇಳುವ ಸಂಗತಿಗಳು, ನಾನು ವಿಸ್ತರಿಸುವುದಿಲ್ಲ.

ಆದರೆ ಒಂದನ್ನು ಅವರು ಅವಸರದಲ್ಲಿ ಹೇಳದೆ ಬಿಡಬಹುದು. ಸಮತೋಲವೆಂಬುದು ತಟ್ಟೆಯ ಮೇಲೆ ಒಂದು ಬಿಂದುವಾಗಿ ದೊರೆಯದೆ ಒಂದು ಹರವಾಗಿ ದೊರೆಯುತ್ತದೆ. ಉಂಗುರ ನಿಂತಿದೆಯೆಂದು ನೀವು ತೃಪ್ತರಾದ ಮೇಲೆ ಮೂರನೆಯ ಕೊಕ್ಕೆಗೆ 2 ಗ್ರಾಂ ಸೇರಿಸಿ ನೋಡಿ. ಅದು ಇನ್ನೂ ನಿಂತೇ ಇರುತ್ತದೆ. ಇನ್ನೂ 2 ಗ್ರಾಂ ಹಾಕಿ. ಕೊನೆಗೊಮ್ಮೆ ಉಂಗುರ ಕದಲುತ್ತದೆ. ಅದೇ ರೀತಿ ತೂಕವನ್ನು ತೆಗೆಯುತ್ತ ಬಂದರೆ ಇನ್ನೊಂದು ಕೊನೆಯಲ್ಲಿ ಅದು ಎದುರು ಬದಿಗೆ ಕದಲುತ್ತದೆ. ಈ ಎರಡು ಎಲ್ಲೆಗಳ ನಡುವೆ ರಾಟೆಯ ಅಚ್ಚಿನ ಘರ್ಷಣೆಯು, ಯಾವ ಕಡೆಗೆ ಕೊರತೆಯಿದೆಯೋ ಆ ಕಡೆಗೆ ಸೇರಿಕೊಂಡು, ಲೆಕ್ಕವನ್ನು ಸರಿಮಾಡಿಕೊಡುತ್ತಿರುತ್ತದೆ. ಎರಡು ಎಲ್ಲೆಗಳನ್ನೂ ಬರೆದುಕೊಳ್ಳಿ, ಸರಾಸರಿಯನ್ನು ಆಮೇಲೆ ತೆಗೆಯಿರಿ. ಹರವು ಎಷ್ಟೆಂಬುದೂ ಸರಾಸರಿಯಷ್ಟೇ ಮುಖ್ಯವಾದ ಫಲಿತಾಂಶವೆಂದು ನಂಬಿ.

ಇಲ್ಲಿ ಒಂದು ಸಣ್ಣ ಸೋಜಿಗವನ್ನೂ ಹೇಳಿಬಿಡುತ್ತೇನೆ. ಗ್ರಾಮುಗಳಲ್ಲಿ ಬರೆದದ್ದು ಬಲವೇ ಹೇಗಾಯಿತು, ಅದನ್ನು ಗುರುತ್ವದ ವೇಗೋತ್ಕರ್ಷದಿಂದ ಗುಣಿಸಬೇಡವೇ ಎಂದು ಚುರುಕಿನ ವಿದ್ಯಾರ್ಥಿಗಳು ಕೇಳುತ್ತಾರೆ. ಗುಣಿಸಬೇಕಾದುದು ಸರಿಯೇ, ಬೆಂಗಳೂರಿನಲ್ಲಿ ಅದು ಸೆಕೆಂಡು ಸೆಕೆಂಡಿಗೆ ಸುಮಾರು 9.78 ಮೀಟರು. ಆದರೆ ಮೂರು ದಾರಗಳನ್ನೂ ಒಂದೇ ಭೂಮಿ ಒಂದೇ ಪ್ರಮಾಣದಲ್ಲಿ ಎಳೆಯುವುದರಿಂದ ಆ ಸಂಖ್ಯೆಯು ಮೂರು ಕಡೆಯೂ ಕಡಿದುಹೋಗುತ್ತದೆ. ಇಲ್ಲಿ ನಿಂತ ಉಂಗುರವನ್ನು ಚಂದ್ರನ ಮೇಲಕ್ಕೆ ಒಯ್ದರೂ ಅದು ಅದೇ ಬಿಲ್ಲೆಗಳಿಗೆ, ಅದೇ ಕೋನಗಳಲ್ಲಿ ನಿಂತಿರುತ್ತದೆ.

ಈಗ ನನ್ನ ಸ್ವಂತ ತಪ್ಪೊಂದನ್ನು ನಿಮ್ಮ ಮುಂದೆ ಇಡಬೇಕಾಗಿದೆ. ನಾನು ವಿದ್ಯಾರ್ಥಿಯಾಗಿದ್ದಾಗ ಇದೇ ಪ್ರಯೋಗ ನನ್ನ ಪಾಲಿಗೆ ಬಂದಿತ್ತು. ಸೊನ್ನೆ ಡಿಗ್ರಿಯಲ್ಲಿ 200 ಗ್ರಾಂ, 90 ಡಿಗ್ರಿಯಲ್ಲಿ 150 ಗ್ರಾಂ. ಮೂರು-ನಾಲ್ಕು-ಐದರ ಲಂಬಕೋನ ತ್ರಿಭುಜವು ಕಣ್ಣಿಗೆ ಹೊಡೆಯುವಂತಿತ್ತು. ಫಲಿತ ಬಲ 250 ಗ್ರಾಂ, ಕೋನ 36 ಡಿಗ್ರಿ 52 ನಿಮಿಷ, ಸಮತೋಲಕ ಬಲ ಅದಕ್ಕೆ ಎದುರಾಗಿ 216 ಡಿಗ್ರಿ 52 ನಿಮಿಷದಲ್ಲಿ ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿ, ಮೂರನೆಯ ರಾಟೆಯನ್ನು ಆ ಕಡೆಗೆ ಸರಿಸಿ, ಉಂಗುರವು ಮೊಳೆಗೆ ಒರಗಿಕೊಂಡೇ ಇದ್ದರೂ ಹೆಚ್ಚು ಲಕ್ಷ್ಯ ಕೊಡದೆ, ರೆಕಾರ್ಡಿನ ಪಟ್ಟಿಯಲ್ಲಿ ಅಚ್ಚುಕಟ್ಟಾಗಿ ತುಂಬಿದೆ. ವಿದ್ಯಾರ್ಥಿಗಳು ಇದಕ್ಕೆ ರೀಡಿಂಗ್ ಕುಕ್ ಮಾಡುವುದೆನ್ನುತ್ತಾರೆ. ಅಂದಿಗೆ ನನಗೆ ಅದು ತಪ್ಪೆಂದೇ ತೋರಲಿಲ್ಲ. ಸರಿಯಾದ ಉತ್ತರವನ್ನು ಬರೆದಿದ್ದೇನೆ, ಸುಳ್ಳನ್ನು ಎಲ್ಲಿ ಬರೆದೆ ಎಂಬ ಭಾವವಿತ್ತು.

ನಮ್ಮ ಪ್ರಯೋಗಗಳನ್ನು ನೋಡಿಕೊಳ್ಳುತ್ತಿದ್ದ ಅಧ್ಯಾಪಕರು ಮಿತಭಾಷಿಗಳು. ನನ್ನ ಪುಟವನ್ನು ಬಹಳ ಹೊತ್ತು ನೋಡಿ, "ಕೊಕ್ಕೆಯ ತೂಕ ಎಷ್ಟಪ್ಪಾ?" ಎಂದು ಕೇಳಿದರು. ತಕ್ಕಡಿಯಲ್ಲಿಟ್ಟು ತೂಗಿದೆ, ಒಂದೊಂದೂ 50 ಗ್ರಾಂ. ನಾನು ಅದನ್ನು ಎಲ್ಲಿಯೂ ಸೇರಿಸಿರಲಿಲ್ಲ. ಅವರು ಪೆನ್ಸಿಲನ್ನು ನನ್ನ ಕೈಗೆ ಕೊಟ್ಟು ಲೆಕ್ಕವನ್ನು ಮತ್ತೆ ಮಾಡಿಸಿದರು. ಹಾಗಾದರೆ ತಟ್ಟೆಯ ಮೇಲೆ ನಿಜವಾಗಿ ಇದ್ದ ಎಳೆತಗಳು 250 ಮತ್ತು 200. ಅವುಗಳ ಫಲಿತ 320. ಅದರಲ್ಲಿ ಮೂರನೆಯ ಕೊಕ್ಕೆಯ 50ನ್ನು ಕಳೆದರೆ ಬಿಲ್ಲೆಗಳು 270 ಗ್ರಾಂ ಇರಬೇಕಾಗಿತ್ತು, ದಿಕ್ಕು 218 ಡಿಗ್ರಿಯನ್ನೂ ದಾಟಿ 219ರ ಹತ್ತಿರ. ನಾನು ಪ್ರಾಮಾಣಿಕವಾಗಿ ಅಳೆದಿದ್ದರೆ ಕೊಕ್ಕೆಯನ್ನು ಮರೆತ ತಪ್ಪು 20 ಗ್ರಾಮಿನ ವ್ಯತ್ಯಾಸವಾಗಿ ಪುಟದ ಮೇಲೆ ಬಂದು ನಿಲ್ಲುತ್ತಿತ್ತು, ನಾನು ಅದರ ಕಾರಣವನ್ನು ಹುಡುಕುತ್ತಿದ್ದೆ, ಕೊಕ್ಕೆಯನ್ನು ಕಾಣುತ್ತಿದ್ದೆ. ಉತ್ತರವು ಅಷ್ಟು ಸರಿಯಾಗಿ ಬಂದದ್ದೇ ಅದು ತಟ್ಟೆಯಿಂದ ಬಂದುದಲ್ಲವೆಂಬುದಕ್ಕೆ ರುಜುವಾತಾಯಿತು. ಅವರು ಇನ್ನೊಂದನ್ನೂ ತೋರಿಸಿದರು. ತಟ್ಟೆಯ ಅಂಚಿನಲ್ಲಿ ಡಿಗ್ರಿಗೊಂದರಂತೆ ಮಾತ್ರ ಗೆರೆಗಳಿದ್ದವು. "ಈ ಐವತ್ತೆರಡು ನಿಮಿಷವನ್ನು ಎಲ್ಲಿ ನೋಡಿದೆ?" ಎಂದರು. ನಾನು ಉತ್ತರಿಸಲಿಲ್ಲ. ಅವರು ಗದರಲಿಲ್ಲ, ಸಹಿಯನ್ನೂ ಹಾಕಲಿಲ್ಲ. ದೀಪ ಹಚ್ಚುವ ಹೊತ್ತಿನವರೆಗೆ ಪ್ರಯೋಗಶಾಲೆಯನ್ನು ನನಗಾಗಿ ತೆರೆದಿಟ್ಟು, ತಾವು ಬಾಗಿಲ ಬಳಿ ಕುಳಿತರು. ಆ ಸಂಜೆ ನಾನು ಪಟ್ಟ ಲಜ್ಜೆ ಇಂದಿಗೂ ಮಾಸಿಲ್ಲ, ಆ ಸಂಜೆ ಉಂಗುರವು ಮೊಳೆಯನ್ನು ಬಿಟ್ಟು ನಿಂತಾಗ ಮೈಯಲ್ಲಿ ಹರಿದ ಪುಳಕವೂ ಮಾಸಿಲ್ಲ.

ಮಿತ್ರರೇ, ನಿಮ್ಮ ಮೇಲಿರುವ ಒತ್ತಡಗಳನ್ನು ನಾನು ಅರಿಯದವನಲ್ಲ. ಎರಡು ಗಂಟೆಯ ಅವಧಿ, ಒಂದು ಉಪಕರಣಕ್ಕೆ ನಾಲ್ವರು, ಉತ್ತರ ಸರಿಬಂದರೆ ಮಾತ್ರ ಅಂಕವೆಂಬ ಭಯ, ಹಿಂದಿನ ವರ್ಷದ ರೆಕಾರ್ಡು ಕೈಗೆಟುಕುವಲ್ಲಿ ಇರುವ ಪ್ರಲೋಭನೆ. ಈ ವ್ಯವಸ್ಥೆಯಲ್ಲಿ ನಮ್ಮ ಅಧ್ಯಾಪಕ ವರ್ಗದ ತಪ್ಪೂ ಸಣ್ಣದಲ್ಲ; ಸರಿಯಾದ ಉತ್ತರಕ್ಕೆ ಅಂಕ ಕೊಟ್ಟು, ವ್ಯತ್ಯಾಸವನ್ನು ಬರೆದುಕೊಂಡು ಬಂದವನನ್ನು ಮತ್ತೆ ಮಾಡೆಂದು ಅಟ್ಟಿದವರು ನಾವೇ. ಅದನ್ನು ಕುರಿತು ನನ್ನ ಸಹೋದ್ಯೋಗಿಗಳಿಗೆ ಬೇರೆಯೇ ಬರೆಯಬೇಕೆಂದಿದ್ದೇನೆ. ಆದರೆ ನಿಮ್ಮ ಪುಟದಲ್ಲಿ ನಿಮ್ಮ ಕೈಬರಹವಿದೆ. ಅಲ್ಲಿ ಏನು ಬರೆಯಬೇಕೆಂಬುದು ನಿಮ್ಮದೇ ಅಧಿಕಾರ.

ನಾನು ನಿವೃತ್ತನಾಗುವುದಕ್ಕೆ ಕೆಲವು ವರ್ಷಗಳ ಹಿಂದೆ, ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ರೆಕಾರ್ಡನ್ನು ಎದೆಗವಚಿಕೊಂಡು ನನ್ನ ಮೇಜಿನ ಬಳಿ ಬಂದು, ಅಳುವ ಸ್ಥಿತಿಯಲ್ಲಿ, "ಸರ್, ನನಗೆ ಯಾವುದನ್ನು ಬರೆಯಬೇಕೋ ತಿಳಿಯುತ್ತಿಲ್ಲ" ಎಂದಳು. ಅವಳಿಗೆ ಬಂದಿದ್ದುದೂ ಅದೇ 200 ಮತ್ತು 150, ಲಂಬಕೋನದಲ್ಲಿ. ಕೊಕ್ಕೆಗಳ ತೂಕವನ್ನು ಸೇರಿಸಿಯೇ ಲೆಕ್ಕವಿಟ್ಟಿದ್ದಳು. ಅವಳ ಜೊತೆಯವರೆಲ್ಲರೂ 250 ಎಂದು ಬರೆದು ಸಹಿ ಪಡೆದು ಹೊರಟಿದ್ದರು. ಅವಳ ಉಂಗುರ ಮಾತ್ರ ಮೂರನೆಯ ದಾರದಲ್ಲಿ 225 ಗ್ರಾಂ ಇದ್ದಾಗಲೂ ನಿಲ್ಲುತ್ತಿತ್ತು, 275 ಇದ್ದಾಗಲೂ ನಿಲ್ಲುತ್ತಿತ್ತು; ಎರಡನ್ನೂ ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟಿದ್ದಳು. ನಾನು ಅವಳೊಡನೆ ಹೋಗಿ ನೋಡಿದೆ. ಬಿಲ್ಲೆಗಳು ಸರಿಯಾಗಿದ್ದವು, ತಟ್ಟೆ ಸಮವಾಗಿತ್ತು. ಕಪಾಟಿನಿಂದ ಬೇರೊಂದು ರಾಟೆಯನ್ನು ತಂದು ಮೂರನೆಯ ದಾರಕ್ಕೆ ಹಾಕಿದೊಡನೆ ಐವತ್ತು ಗ್ರಾಮಿನ ಹರವು ಒಂಬತ್ತು ಗ್ರಾಮಿಗೆ ಇಳಿಯಿತು. ತೆಗೆದಿಟ್ಟ ರಾಟೆಯನ್ನು ಬೆರಳಿನಿಂದ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತುಬಿಡುತ್ತಿತ್ತು. ಅಚ್ಚಿನಲ್ಲಿ ಹಳೆಯ ಎಣ್ಣೆ ಧೂಳಿನೊಡನೆ ಬೆರೆತು ಅರಗಿನಂತೆ ಗಟ್ಟಿಯಾಗಿತ್ತು. ಅದು ಒಂದು ದಿನದಲ್ಲಿ ಕಟ್ಟಿದ ಜಿಡ್ಡಾಗಿರಲಿಲ್ಲ. ಎಷ್ಟೋ ವರ್ಷಗಳಿಂದ ಆ ರಾಟೆ ಅದೇ ತಟ್ಟೆಯ ಅಂಚಿನಲ್ಲಿತ್ತು, ಆ ತಟ್ಟೆಯ ಮೇಲೆ ಮಾಡಿದ ಪ್ರಯೋಗಗಳ ರೆಕಾರ್ಡುಗಳೆಲ್ಲವೂ ನನ್ನ ಸಹಿಯನ್ನು ಪಡೆದಿದ್ದವು, ಅವುಗಳಲ್ಲಿ ಒಂದರಲ್ಲಿಯೂ ಆ ರಾಟೆ ತಿರುಗುವುದಿಲ್ಲವೆಂಬ ಸುಳಿವಿರಲಿಲ್ಲ.

ಆ ಸಂಜೆ ಅಟೆಂಡರ್ ತಂದುಕೊಟ್ಟ ಸೀಮೆಎಣ್ಣೆಯಲ್ಲಿ ನಾವು ರಾಟೆಯನ್ನು ನೆನೆಹಾಕಿ, ಹಳೆಯ ಬಟ್ಟೆಯಿಂದ ಅಚ್ಚನ್ನು ಉಜ್ಜಿ, ಹೊಲಿಗೆಯಂತ್ರದ ಎಣ್ಣೆಯ ಒಂದೇ ಹನಿಯನ್ನು ಬಿಟ್ಟು, ಮತ್ತೆ ಜೋಡಿಸಿದೆವು. ಅವಳು ಬೆರಳಿನಿಂದ ತಾಕಿಸಿದಾಗ ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು. ಹಳೆಯ ಸಂಖ್ಯೆಗಳನ್ನು ಹೊಡೆದುಹಾಕಲೇ ಎಂದು ಅವಳು ಕೇಳಿದಳು. ಬೇಡವೆಂದೆ. ಅವುಗಳ ಕೆಳಗೆ ಒಂದು ಗೆರೆ ಎಳೆದು, ರಾಟೆಯನ್ನು ಶುಚಿಮಾಡಿದ ಮೇಲೆ ಎಂದು ಬರೆದು, 246 ಮತ್ತು 254 ಎಂಬ ಹೊಸ ಎಲ್ಲೆಗಳನ್ನು ಸೇರಿಸಿದಳು. ಆ ಪುಟಕ್ಕೆ ನಾನು ಸಹಿ ಹಾಕಿದೆನು.

ಇತಿ,
ನಿಮ್ಮ ಹಿತೈಷಿ,
ಒಬ್ಬ ನಿವೃತ್ತ ಭೌತಶಾಸ್ತ್ರ ಅಧ್ಯಾಪಕ